ಕಲ್ಲುಗುಡಿಯೂ ದಾಖಲೆಯೇ: ಕಾಡಿನ ಹಕ್ಕಿನ ಒಂದೂವರೆ ಶತಮಾನ

ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಅಂದರೆ ಕಾಡಿನೊಳಗಿನ ಪುಟ್ಟ ಊರಿನಲ್ಲಿ, ಸೋಲಿಗ ಆದಿವಾಸಿ ಹಿರಿಯರನ್ನು ನಿಮ್ಮ ಜಾಗ ಯಾವುದು ಎಂದು ಕೇಳಿದರೆ ಸರ್ವೆ ನಂಬರು ಹೇಳುವುದಿಲ್ಲ. ನಮ್ಮ ಕುಲದ ‘ಯೆಲ್ಲೆ’ ಇದು ಎಂದು ಕಾಡಿನ ಒಂದು ಮಗ್ಗುಲನ್ನು ತೋರಿಸುತ್ತಾರೆ. ಆ ಯೆಲ್ಲೆಯೊಳಗೆ ಒಂದು ದೇವರು, ಒಂದು ಮಾರಮ್ಮ, ಒಂದು ವೀರು, ನೀರಿನ ಅಬ್ಬಿ, ಸತ್ತವರ ನೆನಪಿನ ಕಲ್ಲುಗುಡಿ. ಗಡಿಯೂ ಗುಡಿಯೂ ಗೋರಿಯೂ ಅಲ್ಲೇ ಇವೆ. ಆದರೂ ಈ ಜನ ತಮ್ಮದೇ ಕಾಡಿನಲ್ಲಿ ಅತಿಕ್ರಮಣದಾರರು ಎನಿಸಿಕೊಂಡರು. ಅದು ಒಂದೇ ದಿನದಲ್ಲಿ ಆದದ್ದಲ್ಲ, ಒಂದೊಂದೇ ಕಾಯ್ದೆಯಿಂದ ಆದದ್ದು.

ಬ್ರಿಟಿಷರಿಗೆ ಬೇಕಿದ್ದದ್ದು ಹಡಗಿಗೆ ತೇಗ, ರೈಲು ಹಳಿಗೆ ದಿಮ್ಮಿ. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ನೇತೃತ್ವದಲ್ಲಿ ಅರಣ್ಯ ಇಲಾಖೆ ಶುರುವಾಯಿತು, ಮರುವರ್ಷ ಮೊದಲ ಅರಣ್ಯ ಕಾಯ್ದೆ ಬಂತು. ಅದು ಸಾಲದೆಂದು 1878ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ. ಅದರ ಹಿಂದೆ ಅಧಿಕಾರಿಗಳೊಳಗೇ ದೊಡ್ಡ ವಾಗ್ವಾದ ನಡೆದಿತ್ತು. ಜನ ಕಾಡಿನಿಂದ ತರುವ ಸೌದೆ, ಹುಲ್ಲು, ಜೇನು ಆಳುವವರು ಕೊಟ್ಟ ಸವಲತ್ತೇ ಹೊರತು ಹಕ್ಕಲ್ಲ ಎಂಬುದು ಬೇಡನ್ ಪೊವೆಲ್ ಎಂಬ ಅಧಿಕಾರಿಯ ವಾದ. ಗೆದ್ದದ್ದು ಅದೇ. ಮದರಾಸು ಸರ್ಕಾರ ಮೊದಲಿಗೆ ತಕರಾರು ತೆಗೆದರೂ 1882ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಬಿಳಿಗಿರಿ ಬೆಟ್ಟದ ಕೊಳ್ಳೇಗಾಲದ ಮಗ್ಗುಲು ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ಸಂಸ್ಥಾನವೂ 1900ರಲ್ಲಿ ತನ್ನ ಅರಣ್ಯ ರೆಗ್ಯುಲೇಷನ್ ತಂದಿತು.

ಈ ಕಾಯ್ದೆಗಳ ನಿಜವಾದ ಪೆಟ್ಟು ಇದ್ದದ್ದು ಅವುಗಳ ವಿಧಾನದಲ್ಲಿ. 1927ರ ಅರಣ್ಯ ಕಾಯ್ದೆಯನ್ನೇ ನೋಡಿ. ಒಂದು ಕಾಡನ್ನು ಮೀಸಲು ಅರಣ್ಯ ಮಾಡಬೇಕೆಂದರೆ, ಹಕ್ಕುಗಳನ್ನು ತೀರ್ಮಾನಿಸುವ ಸೆಟ್ಲ್‌ಮೆಂಟ್ ಅಧಿಕಾರಿ ಸುತ್ತಲಿನ ಊರುಗಳಲ್ಲಿ ಅಲ್ಲಿನ ಭಾಷೆಯಲ್ಲಿ ಪ್ರಕಟಣೆ ಹೊರಡಿಸಬೇಕು. ಹಕ್ಕು ಇದ್ದವರು ಗಡುವಿನೊಳಗೆ ಬರೆದು ಕೊಡಬೇಕು, ಇಲ್ಲವೇ ಎದುರಿಗೆ ಬಂದು ಹೇಳಬೇಕು. ಗಡುವು ಮೂರು ತಿಂಗಳಿಗೆ ಕಡಿಮೆ ಇರಬಾರದು, ಅಷ್ಟೇ. ಯಾರೂ ಕೇಳದಿದ್ದರೆ? 9ನೇ ಕಲಂ ಪ್ರಕಾರ, ಅರ್ಜಿ ಬಾರದ ಹಕ್ಕು ಅಳಿದುಹೋಗುತ್ತದೆ. ಪ್ರಕಟಣೆ ಬಯಲಿನ ಊರಿನಲ್ಲಿ, ಜನ ಬೆಟ್ಟದ ಮೇಲೆ. ಓದಲು ಬಾರದ, ಕಚೇರಿ ಎಂದರೆ ಏನೆಂದೇ ತಿಳಿಯದವರ ಮೌನವನ್ನು ಕಾನೂನು ಒಪ್ಪಿಗೆ ಎಂದು ಬರೆದುಕೊಂಡಿತು. ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯ ಅಪರಾಧವಾಯಿತು, ಸೌದೆಗೆ ಹೋದವನು ಕಳ್ಳನಾದ.

ಸ್ವಾತಂತ್ರ್ಯ ಬಂತು, ಆ ಚೌಕಟ್ಟು ಹೋಗಲಿಲ್ಲ. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ನೀವು ಕಲಿಸಬೇಕಿಲ್ಲ, ಅವರಿಂದ ನೀವು ಕಲಿಯಬೇಕು ಎಂದು ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ಸಂವಿಧಾನ ಸಭೆಯಲ್ಲಿ 1946ರಲ್ಲೇ ಹೇಳಿದ್ದರು. ಆದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಬ್ರಿಟಿಷರ ಕಾಲದ ಪ್ರಕಟಣೆ, ಗಡುವುಗಳೇ ಉಳಿದವು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿ ಬೆಟ್ಟ ಅಭಯಾರಣ್ಯವಾಯಿತು. ಕುಮರಿ ಪೂರ್ತಿ ನಿಂತಿತು, ಒಳಗಿನ ಪೋಡುಗಳನ್ನು ರಸ್ತೆ ಬದಿಗೆ ತಂದು ಕೂರಿಸಿದರು. ಬೇಸಿಗೆ ಬಿರುಸಾಗುವ ಮುನ್ನ ತರಗೆಲೆಗೆ ಹಾಕುತ್ತಿದ್ದ ಸಣ್ಣ ‘ತರಗು ಬೆಂಕಿ’ಯೂ ನಿಂತಿತು. ಲಂಟಾನ ಕಳೆ ಬೆಟ್ಟ ತುಂಬಿದ್ದು, ನೆಲ್ಲಿ ಮರಗಳಿಗೆ ಬದನಿಕೆ ಎಂಬ ಪರಾವಲಂಬಿ ಗಿಡ ಮುತ್ತಿಕೊಂಡದ್ದು ಆಮೇಲೆಯೇ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಕೇಳಿಸಿಕೊಳ್ಳಲು ಇಲಾಖೆಗಳಿಗೆ ಬಹಳ ವರ್ಷ ಬೇಕಾಯಿತು.

ನಾಗರಹೊಳೆಯ ಕಥೆ ಇನ್ನೂ ಕಹಿ. ಅಲ್ಲಿನ ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಕಾಡಿನ ವಸತಿಯಾದ ಹಾಡಿ ಬಿಟ್ಟು ಕೊಡಗಿನ ಕಾಫಿ ತೋಟಗಳ ಕೂಲಿಯವರ ಲೈನ್ ಮನೆ ಸೇರಿದರು. ಹೈಕೋರ್ಟ್ ನೇಮಿಸಿದ್ದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಲೆಕ್ಕ ಕೊಟ್ಟಿತು: ನೆಲೆ ಕಳೆದುಕೊಂಡದ್ದು 3,418 ಕುಟುಂಬ.

2002ರ ಮೇ ತಿಂಗಳಲ್ಲಿ ಕೇಂದ್ರದ ಪರಿಸರ ಸಚಿವಾಲಯ, ಅರಣ್ಯದ ಅತಿಕ್ರಮಣಗಳನ್ನೆಲ್ಲ ಸೆಪ್ಟೆಂಬರ್ 30ರೊಳಗೆ ತೆರವು ಮಾಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ದೇಶದ ಉದ್ದಕ್ಕೂ ಗುಡಿಸಲುಗಳು ಬಿದ್ದವು. ಅದರ ವಿರುದ್ಧ ಎದ್ದ ಹೋರಾಟದ ಫಲವೇ 2006ರ ಅರಣ್ಯ ಹಕ್ಕು ಕಾಯ್ದೆ. ಆದಿವಾಸಿಗಳಿಗೆ ಆದದ್ದು ‘ಚಾರಿತ್ರಿಕ ಅನ್ಯಾಯ’ ಎಂದು ಅದರ ಪ್ರಸ್ತಾವನೆಯೇ ಒಪ್ಪಿಕೊಂಡಿದೆ. ಸಂವಿಧಾನದ ಐದನೇ ಪರಿಚ್ಛೇದದ ಅನುಸೂಚಿತ ಪ್ರದೇಶ ಕರ್ನಾಟಕದಲ್ಲಿ ಇಲ್ಲ, ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೇಸಾ ಕಾಯ್ದೆಯ ಆಸರೆ ಇಲ್ಲಿನವರಿಗೆ ಸಿಗಲಿಲ್ಲ. ನಮ್ಮ ಹಾಡಿ, ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆ ಅಷ್ಟು ಮುಖ್ಯವಾದದ್ದು ಅದಕ್ಕೇ.

ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ 13ನೆಯದು. ಸಾಕ್ಷಿ ಎಂದರೆ ಬರೀ ಪಹಣಿ, ಪಟ್ಟಾ ಅಲ್ಲ ಎನ್ನುತ್ತದೆ ಅದು. ಮನೆ, ಗುಡಿಸಲಿನ ಗುರುತು ಸಾಕ್ಷಿ. ಹಳೆಯ ಬಾವಿ, ಸ್ಮಶಾನ, ಪೂಜೆಯ ಜಾಗ ಸಾಕ್ಷಿ. ಅರ್ಜಿದಾರರಲ್ಲದ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿ. ಅರ್ಜಿಯನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆ. ಬ್ರಿಟಿಷರ ಕಾಯ್ದೆಗೆ ಕಾಣದೇ ಹೋದ ಕಲ್ಲುಗುಡಿ ಈಗ ದಾಖಲೆಯಾಯಿತು. ಸೋಲಿಗರು ಅದನ್ನು ಚೆನ್ನಾಗಿ ಅರಿತರು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರನ್ನು ಜತೆಗೆ ಕರೆದುಕೊಂಡು ಕಾಡು ಸುತ್ತಿ, ಜಿಪಿಎಸ್ ಹಿಡಿದು ತಮ್ಮ ದೇವರು, ಅಬ್ಬಿ, ಕಲ್ಲುಗುಡಿಗಳನ್ನು ನಕ್ಷೆಗೆ ಇಳಿಸಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದಾಗ ಮತ್ತೆ ಎತ್ತಂಗಡಿಯ ಭಯ ಹುಟ್ಟಿತ್ತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದ ಮೊದಲಿಗರು ಅವರು.

ಆದರೆ ಕಾಯ್ದೆ ಬದಲಾದಷ್ಟು ಬೇಗ ಕಚೇರಿಯ ಮನಸ್ಸು ಬದಲಾಗುವುದಿಲ್ಲ. ಈ ಕಾಯ್ದೆಯಡಿ ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಿ ಎಂದು 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಹೇಳಿತು. ಲಕ್ಷಾಂತರ ಕುಟುಂಬಗಳ ನಿದ್ದೆ ಕೆಟ್ಟಿತು. ಹದಿನೈದು ದಿನಗಳಲ್ಲಿ ಆ ಆದೇಶಕ್ಕೆ ಕೋರ್ಟೇ ತಡೆ ಕೊಟ್ಟಿತು.

2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಗೆ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಮರಳಿ ಬಂದವು. ದಶಕಗಳ ಹಿಂದೆ ಬಿಡಿಸಿದ ಜಾಗ ಇದು, ನಮ್ಮ ದೇವರು, ನಮ್ಮ ಗೋರಿಗಳು ಇಲ್ಲೇ ಇವೆ ಎಂಬುದು ಅವರ ಮಾತು. ಇದು ಕಾನೂನುಬಾಹಿರ ಪ್ರವೇಶ ಎಂಬುದು ಅರಣ್ಯ ಇಲಾಖೆಯ ನಿಲುವು. ಇಂಥ ಕಡೆಗಳಲ್ಲೆಲ್ಲ ಕೊನೆಗೆ ಬರುವ ವಾದ, ಉಪಗ್ರಹ ಚಿತ್ರದಲ್ಲಿ ಇಲ್ಲಿ ಮನೆಯೇ ಕಾಣುವುದಿಲ್ಲ ಎಂಬುದು. ಅಂಥ ಚಿತ್ರ ಬೇರೆ ಸಾಕ್ಷಿಗೆ ಪೂರಕವಾಗಬಹುದು, ಅದರ ಬದಲಿಗೆ ನಿಲ್ಲಲಾರದು ಎಂದು ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಬಿದಿರಿನ ತಟ್ಟಿ, ಹುಲ್ಲಿನ ಮಾಡು, ಮೇಲೆ ದಟ್ಟ ಮರದ ನೆರಳು: ಇಂಥ ಮನೆ ಆಕಾಶದಿಂದ ನೋಡಿದರೆ ಕಾಣುವುದಾದರೂ ಹೇಗೆ?