ಸೀಲೆಂಟ್ ಇದ್ದರೂ ಸೈಕಲ್‌ನ ಟ್ಯೂಬ್‌ಲೆಸ್ ಟೈರ್ ಏಕೆ ಗಾಳಿ ಬಿಟ್ಟಿತು?

ಪ್ರಶ್ನೆ: ಕಳೆದ ನವೆಂಬರ್‌ನಲ್ಲಿ ನನ್ನ ಸೈಕಲ್‌ಗೆ ಟ್ಯೂಬ್‌ಲೆಸ್ ಟೈರ್ ಹಾಕಿಸಿ, ಒಳಗೆ ಸೀಲೆಂಟ್ (ತೂತನ್ನು ತಾನಾಗಿಯೇ ಮುಚ್ಚುವ ದ್ರವ) ತುಂಬಿಸಿದ್ದೆ. ಏಪ್ರಿಲ್‌ನಲ್ಲಿ ನಂದಿಬೆಟ್ಟಕ್ಕೆ ಹೊರಟಾಗ ದೇವನಹಳ್ಳಿ ದಾಟಿದ ಮೇಲೆ ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿದುಹೋಯಿತು. ಸೀಲೆಂಟ್ ಇದ್ದರೂ ತೂತು ಏಕೆ ಮುಚ್ಚಲಿಲ್ಲ? ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಸ್ಕೂಟರ್ ಟೈರ್‌ಗೆ ಹಾಕುವ ಸ್ಟ್ರಿಪ್ಪನ್ನೇ (ತೂತಿಗೆ ತುರುಕುವ ಅಂಟು ರಬ್ಬರ್ ಎಳೆ) ಹಾಕಿಸಬಹುದಿತ್ತೇ? (ಬನಶಂಕರಿಯ ಓದುಗರೊಬ್ಬರು)

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ಎರಡು ತಿಂಗಳ ಹೆಸರುಗಳಲ್ಲೇ ಉತ್ತರದ ಬಹುಪಾಲು ಅಡಗಿದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಐದು ತಿಂಗಳು, ಅದರಲ್ಲೂ ಕೊನೆಯ ಎರಡು ತಿಂಗಳು ಬೆಂಗಳೂರಿನ ಒಣ ಬಿಸಿಲು. ಟೈರಿನೊಳಗೆ ಸೀಲೆಂಟ್ ಇದೆಯೆಂದು ನೀವು ನಂಬಿಕೊಂಡಿದ್ದ ದಿನ, ಅಲ್ಲಿ ಉಳಿದಿದ್ದದ್ದು ಬಹುಶಃ ಅದರ ಒಣಗಿದ ಪೊರೆ ಮಾತ್ರ.

ಹೆಚ್ಚಿನ ಸೀಲೆಂಟ್‌ಗಳ ಮೂಲವಸ್ತು ಲೇಟೆಕ್ಸ್, ಅಂದರೆ ರಬ್ಬರ್ ಹಾಲು. ಸುಳ್ಯ, ಪುತ್ತೂರಿನ ಕಡೆಯ ರಬ್ಬರ್ ತೋಟ ಕಂಡವರಿಗೆ ಇದರ ಸ್ವಭಾವ ಗೊತ್ತಿರುತ್ತದೆ. ಮರದಿಂದ ಇಳಿಸಿದ ಹಾಲು ಗಟ್ಟಿಯಾಗದಂತೆ ಅಮೋನಿಯ ಸೇರಿಸಿ ಇಡುತ್ತಾರೆ, ಶೀಟ್ ಮಾಡಬೇಕಾದಾಗ ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಟೈರಿನೊಳಗಿನ ದ್ರವವೂ ಹೀಗೆ ಹೆಪ್ಪುಗಟ್ಟಲು ಕಾದಿರುವ ಹಾಲೇ. ಮುಳ್ಳು ಚುಚ್ಚಿದಾಗ ಹೊರನುಗ್ಗುವ ಗಾಳಿ ಈ ದ್ರವವನ್ನು ತೂತಿನ ಕಡೆಗೆ ಎಳೆಯುತ್ತದೆ, ಅದರಲ್ಲಿ ತೇಲುವ ರಬ್ಬರ್ ಕಣಗಳೂ ನಾರಿನ ಚೂರುಗಳೂ ಅಲ್ಲಿ ಸಿಕ್ಕಿಕೊಂಡು ಗಟ್ಟಿಯಾಗಿ ಬಿರಡೆಯಂತೆ ಕೂರುತ್ತವೆ. ದ್ರವವಾಗಿ ಹರಿಯುವವರೆಗೆ ಮಾತ್ರ ಅದು ಈ ಕೆಲಸ ಮಾಡಬಲ್ಲದು. ಟೈರಿನ ತೆಳುವಾದ ಗೋಡೆಯ ಮೂಲಕ ನೀರಿನಂಶ ದಿನದಿನವೂ ಸ್ವಲ್ಪ ಸ್ವಲ್ಪವೇ ಆರಿಹೋಗುತ್ತಿರುತ್ತದೆ. ಬಾಲ್ಕನಿಯ ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್‌ನಲ್ಲಂತೂ ಇನ್ನೂ ಬೇಗ.

1999ರಲ್ಲಿ ಮಾವಿಕ್ ಕಂಪನಿ ಪರ್ವತ ಸೈಕಲ್‌ಗಳಿಗೆಂದು ತಂದ ಯುಎಸ್‌ಟಿ (ಯೂನಿವರ್ಸಲ್ ಸಿಸ್ಟಮ್ ಟ್ಯೂಬ್‌ಲೆಸ್) ಮಾದರಿಯ ಟೈರುಗಳು ದಪ್ಪವಾಗಿದ್ದು, ಸೀಲೆಂಟ್ ಇಲ್ಲದೆಯೂ ಗಾಳಿ ಹಿಡಿದಿಡುತ್ತಿದ್ದವು. ಇಂದು ಅಂಗಡಿಯಲ್ಲಿ ಸಿಗುವ ‘ಟ್ಯೂಬ್‌ಲೆಸ್ ರೆಡಿ’ ಟೈರು ಹಗುರವಾಗಿರಲೆಂದು ತೆಳುವಾಗಿ ಮಾಡಿದ್ದು, ಅದರ ಮೈಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದೂ ಸೀಲೆಂಟ್‌ನ ಹೊಣೆಯೇ. ಆದ್ದರಿಂದ ಪಂಕ್ಚರ್ ಇಲ್ಲದೆಯೂ ವಾರಕ್ಕೊಮ್ಮೆಯ ಬದಲು ಎರಡು ದಿನಕ್ಕೊಮ್ಮೆ ಗಾಳಿ ಹೊಡೆಯಬೇಕಾಗಿ ಬಂದರೆ, ಒಳಗೆ ಹಾಲು ಬತ್ತುತ್ತಿದೆಯೇ ಎಂದು ಮೊದಲು ನೋಡಬೇಕು.

ಕಳೆದ ಬೇಸಿಗೆಯಲ್ಲಿ ತುರಹಳ್ಳಿ ಕಾಡಿನ ಹಾದಿಗಳಲ್ಲಿ ಓಡಿಸಿದ ನನ್ನ ಟೈರೊಂದನ್ನು ಬಿಚ್ಚಿ ನೋಡಿದ್ದೆ. ಒಳಮೈಗೆಲ್ಲ ಕೆನೆಯಂಥ ಬಿಳಿ ಪೊರೆ ಅಂಟಿಕೊಂಡಿತ್ತು, ಬೆರಳಿನಿಂದ ಎಳೆದರೆ ಹಾಳೆಯಂತೆ ಏಳುತ್ತಿತ್ತು. ಆ ಪೊರೆಯ ನಡುವೆ ನೆಗ್ಗಿಲು ಮುಳ್ಳಿನ ಮೂರು ಮೊನೆಗಳು, ಒಂದೊಂದರ ಸುತ್ತಲೂ ಸಾಸಿವೆ ಕಾಳಿನಷ್ಟು ಬಿಳಿ ಗಂಟು. ಮೂರು ಸಲ ಪಂಕ್ಚರ್ ಆಗಿದ್ದರೂ ನನಗೆ ಒಂದು ಸಲವೂ ತಿಳಿದಿರಲಿಲ್ಲ. ಸೀಲೆಂಟ್ ಬದುಕಿದ್ದಾಗ ಮಾಡುವ ಉಪಕಾರ ಎಷ್ಟು ದೊಡ್ಡದೆಂದು ಅಂದು ಕಣ್ಣಾರೆ ಕಂಡೆ.

ಸೀಲೆಂಟ್ ಎಷ್ಟಿದೆಯೆಂದು ತಿಳಿಯಲು ಟೈರ್ ಬಿಚ್ಚಲೇಬೇಕೆಂದಿಲ್ಲ. ಚಕ್ರವನ್ನು ಕಳಚಿ ಕಿವಿಯ ಹತ್ತಿರ ಅಲುಗಾಡಿಸಿದಾಗ ಎಳನೀರು ಕುಲುಕಿದಂತೆ ಸದ್ದು ಬರದಿದ್ದರೆ ಅನುಮಾನಿಸಿ. ಇನ್ನೂ ಖಚಿತವಾಗಿ ತಿಳಿಯಬೇಕಿದ್ದರೆ, ವಾಲ್ವ್ ಕೆಳಗೆ ಬರುವಂತೆ ಚಕ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬಳಿಕ ವಾಲ್ವನ್ನು ತುಸು ಓರೆಗೆ ತಂದು, ಗಾಳಿ ಬಿಟ್ಟು, ವಾಲ್ವ್ ಕೋರ್ (ವಾಲ್ವ್‌ನೊಳಗೆ ತಿರುಗಿಸಿ ಕೂರಿಸಿದ ಚಿಕ್ಕ ಭಾಗ) ಬಿಚ್ಚಿ, ತೆಳುವಾದ ಪ್ಲಾಸ್ಟಿಕ್ ಟೈ ಒಂದನ್ನು ಒಳಗೆ ತೂರಿಸಿ ಹೊರತೆಗೆದರೆ, ಎಣ್ಣೆ ನೋಡುವ ಕಡ್ಡಿಯಂತೆ ಅದರ ತುದಿ ಒದ್ದೆಯಾಗಿರಬೇಕು. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ಹೀಗೆ ನೋಡುವುದು ನಮ್ಮ ಊರಿಗೆ ತಕ್ಕ ಅಭ್ಯಾಸವೆಂಬುದು ನನ್ನ ಅಭಿಪ್ರಾಯ. 28ರಿಂದ 32 ಮಿ.ಮೀ. ಅಗಲದ ರಸ್ತೆ ಟೈರಿಗೆ ಸುಮಾರು 40ರಿಂದ 60 ಮಿ.ಲೀ., ಎರಡು ಇಂಚಿಗಿಂತ ಅಗಲದ ಪರ್ವತ ಸೈಕಲ್ ಟೈರಿಗೆ ಸುಮಾರು 100 ಮಿ.ಲೀ. ಬೇಕಾಗುತ್ತದೆ. ಬೇರೆ ಬೇರೆ ಕಂಪನಿಗಳ ಸೀಲೆಂಟ್‌ಗಳನ್ನು ಬೆರೆಸಬೇಡಿ, ಒಂದು ಇನ್ನೊಂದನ್ನು ಹೆಪ್ಪುಗಟ್ಟಿಸಬಹುದು.

ಈಗ ಸ್ಟ್ರಿಪ್‌ನ ಮಾತು. ಸ್ಕೂಟರ್ ಟೈರಿಗೆ ಬಳಸುವ ಸ್ಟ್ರಿಪ್ಪನ್ನು ಹಾಕಿಸದೆ ಇದ್ದದ್ದು ಒಳ್ಳೆಯದೇ ಆಯಿತು. ಪಂಕ್ಚರ್ ಅಂಗಡಿಯವರ ಕೌಶಲದಲ್ಲಿ ಕೊರತೆಯಿಲ್ಲ, ಆದರೆ ಅವರ ಉಪಕರಣ ದಪ್ಪ ರಬ್ಬರಿಗಾಗಿ ಮಾಡಿದ್ದು. ತೂತಿಗೆ ಅರದಂಥ ಒರಟು ಕಡ್ಡಿಯನ್ನು ಹಾಕಿ ತಿರುವಿದರೆ ಸೈಕಲ್ ಟೈರಿನ ನೂಲುಗಳು ಕತ್ತರಿಸಿ, ಸಣ್ಣ ತೂತು ದೊಡ್ಡ ಗಾಯವಾಗುತ್ತದೆ. ಸೈಕಲ್‌ಗೆಂದೇ 1.5 ಮತ್ತು 3.5 ಮಿ.ಮೀ. ದಪ್ಪದ ಸ್ಟ್ರಿಪ್‌ಗಳೂ ಅವನ್ನು ತೂರಿಸುವ, ತುದಿ ಕವಲೊಡೆದ ಚಿಕ್ಕ ಕಡ್ಡಿಯಾದ ಫೋರ್ಕೂ ಸಿಗುತ್ತವೆ, ಅವು ನಿಮ್ಮ ಸೀಟಿನ ಕೆಳಗಿನ ಚೀಲದಲ್ಲಿ ಇರಲೇಬೇಕು. ಲಾರಿ ಟೈರುಗಳಿಂದ ಉದುರಿದ ತಂತಿಯ ಚೂರು, ಒಡೆದ ಗಾಜು ಹೆದ್ದಾರಿಯ ಅಂಚಿನಲ್ಲೇ ಹೆಚ್ಚು ಸೇರುತ್ತವೆ, ನಾವು ಸೈಕಲ್ ಓಡಿಸುವುದೂ ಆ ಅಂಚಿನಲ್ಲೇ.

ಗಾಳಿ ಹೊರಡುವ ಸದ್ದು ಕೇಳಿದ ಕೂಡಲೇ ನಿಂತು, ತೂತು ನೆಲದ ಕಡೆಗೆ ಬರುವಂತೆ ಚಕ್ರ ತಿರುಗಿಸಿ ಅರ್ಧ ನಿಮಿಷ ಕಾಯಿರಿ. ಒಳಗೆ ದ್ರವವಿದ್ದರೆ ಅದು ಅಲ್ಲಿಗೆ ಬಂದು ಸೇರುತ್ತದೆ. ಆಗಲೂ ಮುಚ್ಚದಿದ್ದರೆ ಸ್ಟ್ರಿಪ್ಪನ್ನು ಫೋರ್ಕಿಗೆ ಸಿಕ್ಕಿಸಿ ಸಿದ್ಧಮಾಡಿಕೊಂಡ ನಂತರವೇ ಚುಚ್ಚಿಕೊಂಡಿರುವ ಮುಳ್ಳನ್ನೋ ಮೊಳೆಯನ್ನೋ ಕೀಳಿ. ಸ್ಟ್ರಿಪ್‌ನ ತುದಿಗಳು ಹೊರಗೆ ಒಂದಿಷ್ಟು ಉಳಿಯುವಂತೆ ಒತ್ತಿ ಫೋರ್ಕನ್ನು ಎಳೆದುಕೊಂಡರೆ ಸ್ಟ್ರಿಪ್ ಅಲ್ಲೇ ನಿಲ್ಲುತ್ತದೆ. ಗಾಳಿ ತುಂಬಲು ಪಂಪೇ ಲೇಸು, ಏಕೆಂದರೆ ಕೆಲವು ಲೇಟೆಕ್ಸ್ ಸೀಲೆಂಟ್‌ಗಳು ಕಾರ್ಬನ್ ಡೈ ಆಕ್ಸೈಡ್ ತಗುಲಿದರೆ ಗಟ್ಟಿಯಾಗುತ್ತವೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಳಸಬೇಕೆಂದರೆ ತೆಳು ಪ್ರೆಸ್ಟಾ ವಾಲ್ವ್‌ಗೆ ಕೂರಿಸುವ ಹಿತ್ತಾಳೆಯ ಅಡಾಪ್ಟರ್ ಒಂದು ಜೊತೆಗಿರಲಿ.

ಸೀಳು ದೊಡ್ಡದಾಗಿದ್ದರೆ ವಾಲ್ವ್ ತೆಗೆದು ಒಳಗೆ ಟ್ಯೂಬ್ ಹಾಕಬೇಕಾಗುತ್ತದೆ. ಆದರೆ ಮೊದಲು ಬಟ್ಟೆಯೊಂದನ್ನು ಟೈರಿನ ಒಳಮೈ ಸುತ್ತಲೂ ಎಳೆದು ನೋಡಿ, ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಲ್ಲಿ ಮುಳ್ಳಿದೆ ಎಂದರ್ಥ. ಇಷ್ಟು ದಿನ ಸೀಲೆಂಟ್ ಸುಮ್ಮನಾಗಿಸಿದ್ದ ಆ ಮೊನೆಗಳು ಹೊಸ ಟ್ಯೂಬನ್ನು ನೂರು ಮೀಟರ್ ದಾಟುವುದರೊಳಗೆ ಚುಚ್ಚುತ್ತವೆ.

ನಿಮ್ಮ ಹಿಂದಿನ ಟೈರನ್ನು ಈಗ ಪೂರ್ತಿ ಬಿಚ್ಚಿ, ಒಣ ಪೊರೆಯನ್ನು ಕಿತ್ತು, ತೂತಿನ ಜಾಗವನ್ನು ಒಳಗಿನಿಂದ ಮರಳುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿಸಿ. ತೂತು ಪಕ್ಕದ ಗೋಡೆಯಲ್ಲಿದ್ದು ನೂಲು ಕತ್ತರಿಸಿದ್ದರೆ ಟೈರ್ ಬದಲಿಸುವುದೇ ಸರಿ. ಹೊಸ ಸೀಲೆಂಟ್ ತುಂಬಿದ ದಿನಾಂಕವನ್ನು ಚಿಕ್ಕ ಟೇಪಿನ ಮೇಲೆ ಬರೆದು ವಾಲ್ವ್ ಪಕ್ಕ ರಿಮ್‌ಗೆ ಅಂಟಿಸಿಡಿ.