ಮೊದಲ ಆರ್‌ಸಿ ವಿಮಾನ ನಿಧಾನದ್ದೇ ಇರಲಿ

ನನ್ನ ಅಕ್ಕನ ಮನೆ ಬೀದರ್‌ನಲ್ಲಿ. ವಾಯುಪಡೆಯ ಹಾಕ್ ಜೆಟ್‌ಗಳ ಸದ್ದು ಆ ಊರಿನವರಿಗೆ ಹೊಸದಲ್ಲ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ನೆಲೆಯೂ ಅಲ್ಲೇ. ಹೀಗಾಗಿ ಎಂಟನೇ ಕ್ಲಾಸಿನ ಅಳಿಯ ಬಂದು "ಮಾಮಾ, ನನಗ ರಿಮೋಟ್ ವಿಮಾನ ಕೊಡಸು, ಹಾಕ್ ಹಂಗೇ ಇರಬೇಕು ನೋಡು" ಅಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಬೇಡ ಅಂದೆ. ಆ ಹಾಕ್ ಓಡಿಸುವವರು ಯಾರೂ ಹಾಕ್‌ನಿಂದ ಶುರು ಮಾಡಿದವರಲ್ಲ. ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಮೊದಲು ಪಿಲಾಟಸ್ ಪಿಸಿ-7 ಎಂಬ ಪ್ರೊಪೆಲ್ಲರ್ ವಿಮಾನದಲ್ಲಿ ಕೈ ಪಳಗಿಸಿಕೊಂಡವರು. ಅದೂ ಗುರು ಜೊತೆಗೇ ಕೂತಿರುವಾಗ. ನಮ್ಮ ಆಟದ ವಿಮಾನದಲ್ಲಿ ಗುರು ಕೂರುವುದಿಲ್ಲ. ಅಂದಮೇಲೆ ಗುರು ಮಾಡುವ ಕೆಲಸದ ಒಂದಷ್ಟನ್ನು ವಿಮಾನವೇ ಮಾಡಬೇಕು. ಕಲಿಯುವವನ ವಿಮಾನ ಆರಿಸುವಾಗ ನಾನು ನೋಡುವುದು ಇದನ್ನೇ. ಅವನು ತಪ್ಪು ಮಾಡಿದ ಮೇಲೆ ಯೋಚನೆ ಮಾಡಲು ಅದು ಎಷ್ಟು ಸಮಯ ಕೊಡುತ್ತದೆ?

ಸಮಯ ಎಲ್ಲಿಂದ ಬರುತ್ತದೆ? ಹಗುರ ಮೈ, ದೊಡ್ಡ ರೆಕ್ಕೆ. ವಿಮಾನದ ತೂಕವನ್ನು ರೆಕ್ಕೆಯ ವಿಸ್ತೀರ್ಣಕ್ಕೆ ಹಂಚಿ ನೋಡಿ. ಒಂದು ಕಿಲೋ ತೂಕ, 25 ಚದರ ಡೆಸಿಮೀಟರ್ ರೆಕ್ಕೆ ಇದ್ದರೆ ಪ್ರತಿ ಚದರ ಡೆಸಿಮೀಟರ್ ಮೇಲೆ 40 ಗ್ರಾಂ ಹೊರೆ. ಇಂಥದ್ದು ಗಂಟೆಗೆ ಸುಮಾರು 30 ಕಿ.ಮೀ. ವೇಗದವರೆಗೂ ಗಾಳಿಯಲ್ಲಿ ನಿಲ್ಲುತ್ತದೆ, ಅದಕ್ಕಿಂತ ಕಡಿಮೆಯಾದರೆ ರೆಕ್ಕೆ ಕೈಕೊಡುತ್ತದೆ. ಇದಕ್ಕೆ ಸ್ಟಾಲ್ ವೇಗ ಅನ್ನುತ್ತಾರೆ. ಚಿಕ್ಕ ರೆಕ್ಕೆಯ ಜೆಟ್ ಮಾದರಿಯಲ್ಲಿ ಹೊರೆ 100 ಗ್ರಾಂ ಆಯಿತು ಅಂದುಕೊಳ್ಳಿ. ಹೊರೆ ಎರಡೂವರೆ ಪಟ್ಟು ಏರಿದರೆ ಸ್ಟಾಲ್ ವೇಗ ಅದರ ವರ್ಗಮೂಲದಷ್ಟು ಏರುತ್ತದೆ, ಅಂದರೆ ಹತ್ತಿರ ಹತ್ತಿರ 47 ಕಿ.ಮೀ. ನೂರು ಮೀಟರ್ ದೂರದಿಂದ ಇಳಿಯಲು ಬರುವಾಗ ಮೊದಲನೆಯದು 12 ಸೆಕೆಂಡ್ ಕೊಡುತ್ತದೆ, ಎರಡನೆಯದು 8 ಸೆಕೆಂಡ್ ಕೂಡ ಕೊಡುವುದಿಲ್ಲ. ಹೊಸಬನ ಬೆರಳಿಗೆ ಆ ನಾಲ್ಕು ಸೆಕೆಂಡ್ ತುಂಬಾ ದೊಡ್ಡದು.

ನನ್ನ ಮೊದಲ ವಿಮಾನ ಕೆಳರೆಕ್ಕೆಯ ಯುದ್ಧವಿಮಾನದ ಮಾದರಿ. ಕಲಿಯುವವರಿಗೂ ಆಗುತ್ತದೆ ಅಂತ ಹೇಳಿ ಕೊಟ್ಟಿದ್ದರು. ಮೊದಲ ತಿರುವಿನಲ್ಲೇ ವಾಲಿದ್ದು ವಾಲಿದ ಹಾಗೇ ತೊಗರಿ ಹೊಲಕ್ಕೆ ಬಿತ್ತು. ಕೂಡಿಟ್ಟ ದುಡ್ಡು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮತ್ತೆ ರಿಮೋಟ್ ಹಿಡಿಯುವ ಧೈರ್ಯ ಬರಲು ಒಂದು ವರ್ಷ ಹಿಡಿಯಿತು. ಅಳಿಯನಿಗೆ ಹಾಗಾಗಬಾರದು ಅಂತಲೇ ಇಷ್ಟೆಲ್ಲ ಹೇಳುತ್ತಿದ್ದೇನೆ.

ಕಲಿಯುವವರಿಗೆಂದೇ ಮಾಡಿದ ಟ್ರೇನರ್ ವಿಮಾನ ವಾಲಿದರೂ ತಾನೇ ನೆಟ್ಟಗಾಗುತ್ತದೆ. ಅದು ಹೇಗೆ? ರೆಕ್ಕೆ ಮೇಲಿದೆ, ಭಾರ ಕೆಳಗೆ ತೂಗುತ್ತದೆ, ಅದಕ್ಕೇ ಅಂತ ತುಂಬ ಜನ ಹೇಳುತ್ತಾರೆ. ಅದು ಸರಿಯಾದ ಕಾರಣವಲ್ಲ. ಗೌಂಡಿಯ ತೂಗುಗುಂಡು ನೆಟ್ಟಗೆ ನಿಲ್ಲುವುದು ದಾರದ ಮೇಲಿನ ತುದಿ ಒಂದು ಕಡೆ ಗಟ್ಟಿಯಾಗಿ ನಿಂತಿರುವುದರಿಂದ. ವಿಮಾನವನ್ನು ಯಾರೂ ಮೊಳೆಗೆ ನೇತುಹಾಕಿಲ್ಲ, ಅದು ವಾಲಿದರೆ ಎತ್ತುವ ಬಲವೂ ಜೊತೆಗೇ ವಾಲುತ್ತದೆ. ನಿಜವಾಗಿ ಕೆಲಸ ಮಾಡುವುದು ಜಾರಾಟ. ಎಡಕ್ಕೆ ವಾಲಿದ ವಿಮಾನ ಎಡಕ್ಕೇ ಜಾರತೊಡಗುತ್ತದೆ. ಆಗ ಗಾಳಿ ಎದುರಿನಿಂದಷ್ಟೇ ಅಲ್ಲ, ಎಡಬದಿಯಿಂದಲೂ ಬಂದು ತಗಲುತ್ತದೆ. ಟ್ರೇನರ್ ವಿಮಾನದ ರೆಕ್ಕೆಯ ಎರಡೂ ತುದಿ ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ, ಎದುರಿನಿಂದ ನೋಡಿದರೆ ಅಗಲವಾದ ‘ವಿ’ ಆಕಾರ. ಹೀಗಾಗಿ ತಗ್ಗಿದ ರೆಕ್ಕೆಗೆ ಆ ಪಕ್ಕದ ಗಾಳಿ ಅಡಿಯಿಂದ ಜಾಸ್ತಿ ಬಡಿಯುತ್ತದೆ, ಇನ್ನೊಂದಕ್ಕೆ ಕಡಿಮೆ. ತಗ್ಗಿದ್ದು ಮೇಲೇಳುತ್ತದೆ. ರೆಕ್ಕೆ ಮೈಯ ಮೇಲ್ಭಾಗದಲ್ಲಿದ್ದರೆ ಇನ್ನೂ ಅನುಕೂಲ, ಯಾಕೆಂದರೆ ಮೈಗೆ ಬಡಿದ ಪಕ್ಕದ ಗಾಳಿ ಮೇಲಕ್ಕೆ ತಿರುಗಿ ಅದೇ ಬದಿಯ ರೆಕ್ಕೆಯನ್ನು ಎತ್ತುತ್ತದೆ. ಇದಕ್ಕೆಲ್ಲ ಎತ್ತರ ಬೇಕು, ಎರಡು ಮೂರು ಸೆಕೆಂಡ್ ಬೇಕು. ಆಳೆತ್ತರದಲ್ಲಿ ಹಾರಿಸುವಾಗ ಯಾವ ರೆಕ್ಕೆಯೂ ಕಾಪಾಡುವುದಿಲ್ಲ.

ಇನ್ನು ನಮ್ಮ ನೆಲದ ಮಾತು. ನಾನು ಹಾರಿಸುವುದು ಕಲಬುರಗಿಯ ಆಳಂದ ರಸ್ತೆಯ ಕಡೆ, ತೊಗರಿ ಕೊಯ್ದ ಎರೆ ಹೊಲದಲ್ಲಿ. ಅಲ್ಲಿ ಚಿಕ್ಕ ಗಾಲಿಗಳಿಂದ ಉಪಯೋಗವಿಲ್ಲ. ಮಳೆ ಬಂದರೆ ಮಣ್ಣು ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು, ಕೊಯ್ದಮೇಲೆ ಕೂಳೆ. ಹಾಬಿಝೋನ್‌ನ ಅಪ್ರೆಂಟಿಸ್ ಒಳ್ಳೆಯ ಟ್ರೇನರ್. ಒಂದೂವರೆ ಮೀಟರ್ ರೆಕ್ಕೆ, ಮೇಲೆ ಹೇಳಿದ ಗುಣವೆಲ್ಲ ಇದೆ, ಕೈ ತಪ್ಪಿದರೆ ಸರಿಪಡಿಸುವ ಗೈರೋ ಕೂಡ ಇದೆ. ಆದರೆ ಅದಕ್ಕೆ ಗಾಲಿ ಉರುಳುವ ಜಾಗ ಬೇಕು. ನಮ್ಮ ಹೊಲಕ್ಕೆ ಮಲ್ಟಿಪ್ಲೆಕ್ಸ್ ಕಂಪನಿಯ ಈಸಿಸ್ಟಾರ್ ಅಥವಾ ಹಾಬಿಕಿಂಗ್ ಕಂಪನಿಯ ಬಿಕ್ಸ್ಲರ್ ಥರದ್ದೇ ಸರಿ. ಕೈಯಿಂದ ಎಸೆದು ಬಿಡಬಹುದು, ಹೊಟ್ಟೆ ಮೇಲೆ ಇಳಿಸಬಹುದು. ಮೋಟಾರು, ಪ್ರೊಪೆಲ್ಲರು ರೆಕ್ಕೆಯ ಹಿಂದೆ ಇರುತ್ತವೆ, ಮೂಗು ನೆಲಕ್ಕೆ ಗುದ್ದಿದರೆ ಫೋಮ್ ನಜ್ಜಾಗುತ್ತದೆ ಅಷ್ಟೇ, ಅಂಟು ಹಾಕಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸಬಹುದು. ಬಾಲ್ಸಾ ಎಂಬ ಹಗುರ ಮರದ್ದು ನೋಡಲು ಚೆಂದ, ಕಲಿಯುವವನಿಗೆ ಬೇಡ.

ತೀರಾ ಹಗುರವೂ ಬೇಡ. 200 ಗ್ರಾಂನದ್ದನ್ನು ಬಯಲುಸೀಮೆಯ ಗಾಳಿ ಎತ್ತಿಕೊಂಡು ಹೋಗುತ್ತದೆ.

ಬೇಸಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಸಿ ಗಾಳಿ ತೆಳು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. 42 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 13ರಷ್ಟು ತೆಳುವಾಗಿರುತ್ತದೆ. ಸ್ಟಾಲ್ ವೇಗ ಶೇ. 7ರಷ್ಟು ಏರುತ್ತದೆ. ಅಂದರೆ ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ವಿಮಾನ ಇಲ್ಲಿ ಸ್ವಲ್ಪ ಜೋರಾಗಿಯೇ ಇಳಿಯುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಲೇಬೇಡಿ. ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಿ. ಚಳಿಗಾಲದ ಬೆಳಗ್ಗೆ, ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ ಕಲಿಯಲು ಎಲ್ಲಕ್ಕಿಂತ ಒಳ್ಳೆಯದು. ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗಿದವು ಅಂದರೆ ನೆಲ ಕಾದಿದೆ, ಬಿಸಿಗಾಳಿ ಏಳುತ್ತಿದೆ. ಹೊಸಬರು ಅಲ್ಲಿಗೆ ಮುಗಿಸಬೇಕು.

ಬೀದರ್‌ನಲ್ಲೇ ಹಾರಿಸಬಹುದಲ್ವಾ ಅಂತ ಅಳಿಯ ಕೇಳಿದ. ಊರಿಗೆ ಹೊಂದಿಕೊಂಡೇ ವಾಯುನೆಲೆ ಇರುವಾಗ ಆ ಮಾತೇ ಇಲ್ಲ. 2021ರ ಡ್ರೋನ್ ನಿಯಮಗಳಲ್ಲಿ ಇಂಥ ಮಾದರಿ ವಿಮಾನಗಳೂ ಸೇರುತ್ತವೆ. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, 8ರಿಂದ 12 ಕಿ.ಮೀ. ನಡುವೆ 60 ಮೀಟರ್ ಮೇಲೆ ಹೋಗಲೂ ಅನುಮತಿ ಬೇಕು. ಕಲಬುರಗಿಯಲ್ಲೂ 2019ರಿಂದ ವಿಮಾನ ನಿಲ್ದಾಣವಿದೆ. ಹೊರಡುವ ಮುಂಚೆ ಡ್ರೋನ್ ಹಾರಿಸುವವರಿಗಾಗಿ ಸರ್ಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆ ತೆಗೆದು ಜಾಗ ನೋಡಿಕೊಳ್ಳಿ.

ಸಂಕ್ರಾಂತಿ ರಜೆಗೆ ಅವನು ಬಂದ. 1.4 ಮೀಟರ್ ರೆಕ್ಕೆಯ ಫೋಮ್ ವಿಮಾನ, ರೆಕ್ಕೆಯ ಅಡಿಗೆ ಕಪ್ಪು ಪಟ್ಟಿ, ಮೇಲೆ ಕೇಸರಿ ಬಣ್ಣ. ದೂರ ಹೋದಾಗ ಹೊಟ್ಟೆ ಯಾವುದು ಬೆನ್ನು ಯಾವುದು ಅಂತ ಗೊತ್ತಾಗಬೇಕಲ್ಲ. ವಿಮಾನ ನಮ್ಮ ಕಡೆಗೆ ಮುಖ ಮಾಡಿದಾಗ ಎಡ ಬಲ ಅದಲುಬದಲಾಗುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ. ಆಗ ಯಾವ ರೆಕ್ಕೆ ತಗ್ಗಿದೆಯೋ ರಿಮೋಟಿನ ಸ್ಟಿಕ್ಕನ್ನು ಆ ಕಡೆಗೇ ತಳ್ಳು ಅಂತ ಹೇಳಿಕೊಟ್ಟೆ. ಎರಡನೇ ಸುತ್ತಿನಲ್ಲಿ ಅವನಿಗೆ ಗಾಬರಿಯಾಯಿತು, ವಿಮಾನ ಬಲಕ್ಕೆ ವಾಲಿ ಇಳಿಯತೊಡಗಿತು. "ಕೈ ಬಿಡು" ಅಂದೆ. ಎರಡೂ ಸ್ಟಿಕ್ ಬಿಟ್ಟು ನಿಂತ. ಐವತ್ತು ಮೀಟರ್ ಮೇಲೆ ಅದು ಸ್ವಲ್ಪ ಜಾರಿತು, ರೆಕ್ಕೆ ಎತ್ತಿತು, ನೆಟ್ಟಗಾಗಿ ಮುಂದೆ ಹೋಯಿತು.

"ತಾನೇ ಸರಿ ಆಯ್ತಲ್ಲ ಮಾಮಾ" ಅಂದವನು ಮತ್ತೆ ಸ್ಟಿಕ್ ಹಿಡಿದು ಅದನ್ನು ಹೊಲದ ಕಡೆಗೆ ತಿರುಗಿಸಿದ.