ಸ್ಕ್ಯಾನರ್ ತೆಗೆದರೆ ಜಿಎಸ್‌ಟಿ ತಪ್ಪುತ್ತಾ?

ಪ್ರಶ್ನೆ: ರಸ್ತೆ ಬದಿಯಲ್ಲಿ ಸಣ್ಣ ಟೀ ಅಂಗಡಿ ಇಟ್ಟಿದ್ದೇನೆ. ಫೋನ್‌ಪೇ, ಗೂಗಲ್ ಪೇಯಲ್ಲಿ ದುಡ್ಡು ತಗೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತೆ ಅಂತಾರೆ. ಸ್ಕ್ಯಾನರ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿಬಿಡಲಾ?

ಬೇಡ, ಇರಲಿ ಬಿಡಿ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್! ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ರಾತ್ರೋರಾತ್ರಿ ಸ್ಕ್ಯಾನರ್ ಮಾಯವಾಯಿತು. ಆಮೇಲೆ ಮುಖ್ಯಮಂತ್ರಿ ವ್ಯಾಪಾರಿಗಳ ಜತೆ ಸಭೆ ಮಾಡಿ, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು.

ಎಡವಟ್ಟು ಆದದ್ದು ಇಲ್ಲಿ. ಯುಪಿಐ ಲೆಕ್ಕದಲ್ಲಿ ಮೊತ್ತ ಮಾತ್ರ ಕಾಣುತ್ತದೆ. ಆ ದುಡ್ಡು ಸೊಪ್ಪಿಗೆ ಬಂತೋ, ಸಿಗರೇಟಿಗೆ ಬಂತೋ, ತಂಗಿ ಕಳಿಸಿದ ಕೈಸಾಲವೋ ಗೊತ್ತಾಗಲ್ಲ. ತಾಜಾ ಹಣ್ಣು, ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅದನ್ನಷ್ಟೇ ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ.

ಯುಪಿಐ ತಗೊಂಡಿದ್ದಕ್ಕೆ ಅಂತ ಯಾವ ಟ್ಯಾಕ್ಸೂ ಇಲ್ಲ. ಜಿಎಸ್‌ಟಿ ನೋಂದಣಿ ಬೇಕೋ ಬೇಡವೋ ಅನ್ನುವುದಕ್ಕೆ ನೋಡುವುದು ವರ್ಷದ ವಹಿವಾಟು. ಸಾಮಾನು ಮಾತ್ರ ಮಾರುವವರಿಗೆ ಮಿತಿ 40 ಲಕ್ಷ. ಟೀ ಮಾಡಿಕೊಡುವುದು ಹೋಟೆಲ್ ಲೆಕ್ಕಕ್ಕೆ, ಅಂದರೆ ಸೇವೆಗೆ ಬರುತ್ತದೆ, ಹಾಗಾಗಿ ನಿಮಗೆ 20 ಲಕ್ಷ. ದಿನಕ್ಕೆ ಸುಮಾರು 5,480 ರೂಪಾಯಿ. ಕಪ್ಪಿಗೆ 12 ರೂಪಾಯಿ ಅಂದರೆ ವರ್ಷವಿಡೀ ರಜೆ ಇಲ್ಲದೆ ದಿನಕ್ಕೆ 450ಕ್ಕೂ ಜಾಸ್ತಿ ಕಪ್. ಅಷ್ಟು ಹೋಗುತ್ತಾ ಅಂತ ನೀವೇ ನೋಡಿಕೊಳ್ಳಿ. ಒಂದು ಮಾತು, ಇದು ಲಾಭದ ಲೆಕ್ಕವಲ್ಲ, ಗಲ್ಲಾಕ್ಕೆ ಬಿದ್ದ ಪೂರ್ತಿ ದುಡ್ಡಿನ ಲೆಕ್ಕ. ಹಾಲು, ಸಕ್ಕರೆ, ಗ್ಯಾಸಿನ ಖರ್ಚು ಕಳೆಯುವ ಹಾಗಿಲ್ಲ. ಕ್ಯಾಶೂ ಇದರಲ್ಲೇ ಸೇರುತ್ತದೆ. ಅಂದ ಮೇಲೆ ಸ್ಕ್ಯಾನರ್ ತೆಗೆದರೆ ವ್ಯಾಪಾರ ಕಣ್ಣಿಗೆ ಕಾಣದಿರಬಹುದು, ಕಾನೂನೇನೂ ಬದಲಾಗಲ್ಲ, ಅಲ್ವಾ?

ಮಿತಿ ದಾಟಿದರೆ ಕಾಂಪೊಸಿಷನ್ ಸ್ಕೀಮ್ ಇದೆ, ಅಂದರೆ ಒಟ್ಟು ವಹಿವಾಟಿನ ಮೇಲೆ ಶೇಕಡಾ ಇಂತಿಷ್ಟು ಅಂತ ತೆರಿಗೆ ಕಟ್ಟುವ ವ್ಯವಸ್ಥೆ. ಒಂದೂವರೆ ಕೋಟಿವರೆಗಿನ ವಹಿವಾಟಿಗೆ ಹೋಟೆಲ್‌ನವರು ಶೇ 5, ಅಂಗಡಿಯವರು ಶೇ 1 ಕಟ್ಟಿದರಾಯಿತು. 22 ಲಕ್ಷಕ್ಕೆ ಶೇ 5 ಅಂದರೆ 1.10 ಲಕ್ಷ. ಕಡಿಮೆಯೇನಲ್ಲ, ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಿ ಮಾಡುವ ಹಾಗೂ ಇಲ್ಲ. ಟೀ ಅಂಗಡಿಗೆ ಇದು ಭಾರವೇ ಅನ್ನುವುದು ನನ್ನ ಅಭಿಪ್ರಾಯ.

ಹಾಗಿದ್ದರೂ ಸ್ಕ್ಯಾನರ್ ಇರಲಿ ಅನ್ನುತ್ತೇನೆ, ಯಾಕೆಂದರೆ ನಿಮ್ಮ ವ್ಯಾಪಾರಕ್ಕೆ ಇರುವ ದಾಖಲೆ ಅದೊಂದೇ. ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಮೊದಲು ಕೇಳುವುದು ಆದಾಯದ ಪುರಾವೆ. ಗಲ್ಲಾಪೆಟ್ಟಿಗೆ ಹೊತ್ತುಕೊಂಡು ಹೋಗಿ ತೋರಿಸುವುದಕ್ಕಾಗುತ್ತಾ? ಪುರಾವೆ ಇಲ್ಲದವರು ಕೊನೆಗೆ ಹೋಗಿ ನಿಲ್ಲುವುದು ಮೀಟರ್ ಬಡ್ಡಿಯವರ ಮುಂದೆ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ ಈಗ 15,000, 25,000, 50,000 ಹೀಗೆ ಮೂರು ಹಂತದಲ್ಲಿ ಸಿಗುತ್ತದೆ. ಅಡಮಾನ ಬೇಡ. ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇ 7 ಸಬ್ಸಿಡಿ, ಡಿಜಿಟಲ್ ವಹಿವಾಟಿಗೆ ಕ್ಯಾಶ್‌ಬ್ಯಾಕ್ ಬೇರೆ.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್ ಇಟ್ಟುಕೊಳ್ಳಿ. ಚೀಟಿ ದುಡ್ಡು, ಕೈಸಾಲ, ಮಗ ಕಳಿಸುವ ಹಣ ಯಾವುದೂ ಅದಕ್ಕೆ ಬರಬಾರದು. ದಿನದ ಕ್ಯಾಶನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಕಸ್ಮಾತ್ ನೋಟಿಸ್ ಬಂದರೆ ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಡಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆ ನೋಟ್‌ಬುಕ್ ತಗೊಂಡು, ನೋಟಿಸಿನಲ್ಲಿ ಬರೆದಿರುವ ತಾರೀಕಿನೊಳಗೆ ಉತ್ತರ ಕೊಡಿ.